ಮೂರು ಸಲ ಬಡಿದ ಕೊಡ

ಹೋದ ತಿಂಗಳು ನಿಪ್ಪಾಣಿಯ ಭಾಂಡೆ ಅಂಗಡಿಯಲ್ಲಿ ಕುಕ್ಕರಿನ ರಬ್ಬರು ಕೇಳುತ್ತ ನಿಂತಿದ್ದೆ. ಪಕ್ಕದಲ್ಲಿ ಮದುವೆ ಮನೆಯ ಹೆಂಗಸೊಬ್ಬಳು ಹಿತ್ತಾಳೆ ಕೊಡ ಎತ್ತಿಕೊಂಡು, ಸೀಳು ಬಿಟ್ಟಿದೆಯೋ ಏನೋ ನೋಡಲು ಬಳೆಯಿಂದ ಬಡಿದಳು. ಠಣ್, ಠಣ್, ಠಣ್. ಮೂರೇ ಸಲ. ರಬ್ಬರೂ ಬೇಡ ಏನೂ ಬೇಡ ಎಂದು ಹೊರಗೆ ಬಂದು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಅತ್ತೆ. ಐವತ್ತು ದಾಟಿದವಳು ಕೊಡದ ಸದ್ದಿಗೆ ಅಳುವುದೇನು ಅಂತ ನಗುವವರು ನಗಲಿ. ಹೊಳೆ ದಂಡೆಯಲ್ಲಿ ಹುಟ್ಟಿದವರಿಗೆ ಹೇಳಿದರೆ ತಿಳಿದೀತು.

ನಮ್ಮದು ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಊರು. ಮನೆಯ ಹಿತ್ತಿಲಲ್ಲಿ ಮೆಟ್ಟಿಲಿದ್ದ ಬಾವಿ, ಅದರ ಮೇಲೆ ಬಾಗಿದ ಬೇವಿನ ಗಿಡ. ಬಾವಿಯಲ್ಲಿ ಒಂದು ಆಮೆ ಇತ್ತು. ಹಿಟ್ಟು ನಾದುವ ಪರಾತಿನಷ್ಟು ಅಗಲ, ಹಸಿರು ಬೆನ್ನು, ಉದ್ದನೆಯ ಮೂಗು. ನನ್ನ ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಆ ಆಮೆಯನ್ನು ಬಾಯಕ್ಕ ಅನ್ನುತ್ತಿದ್ದಳು. ಯಾವುದೋ ಕಾಲದಲ್ಲಿ ಹೊಳೆ ಏರಿ ಹಿತ್ತಿಲೊಳಗೆ ಬಂದಾಗ ಬಂದವಳಂತೆ, ನೀರು ಇಳಿದರೂ ಇವಳು ಹೋಗಲಿಲ್ಲ. ಅವಳಿದ್ದರೆ ಬಾವಿಯ ನೀರಿನಲ್ಲಿ ಹುಳ ಉಳಿಯುವುದಿಲ್ಲ ಅಂತ ಮನೆಯವರ ನಂಬಿಕೆ. ಅದಕ್ಕೇ ನಮ್ಮಲ್ಲಿ ಒಂದು ರೂಢಿಯಿತ್ತು: ಯಾರೇ ನೀರಿಗೆ ಹೋಗಲಿ, ಕೊಡ ಇಳಿಬಿಡುವ ಮೊದಲು ಅದರ ಕಂಠವನ್ನು ಬಾವಿಯ ಕಲ್ಲಿಗೆ ಮೂರು ಸಲ ತಾಗಿಸಬೇಕು. ಬಾಯಕ್ಕನ ತಲೆಗೆ ಪೆಟ್ಟಾಗಬಾರದಲ್ಲ. ಸದ್ದು ಮಾಡಿದವರು ಒಂದು ಚೂರು ರೊಟ್ಟಿ ಹಾಕುವುದೂ ಇತ್ತು. ಹೀಗಾಗಿ, ಪಕ್ಕಕ್ಕೆ ಸರಿಯಲಿ ಅಂತ ಮಾಡಿದ ಸದ್ದಿಗೆ ಅವಳು ಸರಿಯುವುದು ಬಿಟ್ಟು ಕೆಳಗಿನ ಮೆಟ್ಟಿಲಿಗೇ ಬಂದು ಮೂಗು ಎತ್ತುತ್ತಿದ್ದಳು. ನೀರು ಸೇದುವ ತನಕ ಅವಳೊಂದಿಗೆ ಮಾತಾಡುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಚಟವಾಗಿತ್ತು. ಅತ್ತೆಯ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು ಎಲ್ಲ ಅವಳ ಕಿವಿಗೆ. ಚಾಡಿ ಹೇಳದ ಜೀವ ಮನೆಯಲ್ಲಿ ಅದೊಂದೇ ಇತ್ತು.

ಬಾಯಕ್ಕನ ಚಿಪ್ಪಿನ ಅಂಚಿನಲ್ಲಿ ಒಂದು ಕಚ್ಚು ಇತ್ತು. ಅದು ಆಯಿಯ ಕೆಲಸ. ಮದುವೆಯಾಗಿ ಬಂದ ಮೊದಲ ದಿನ, ರೂಢಿ ಗೊತ್ತಿಲ್ಲದೆ, ಕೊಡವನ್ನು ಧಡ್ ಅಂತ ಬಿಟ್ಟಿದ್ದಳಂತೆ. ಗಾಯ ಮಾಯುವ ತನಕ ಆಯಿ ಬಾಯಿಗೆ ಬೆಲ್ಲ ಹಾಕಲಿಲ್ಲ. "ನನ್ನ ಕೈಯಿಂದ ಆದದ್ದು ನೋಡು ಇದು," ಅಂತ ಆ ಕಚ್ಚನ್ನು ನನಗೆ ಎಷ್ಟು ಸಲ ತೋರಿಸಿದಳೋ ಲೆಕ್ಕವಿಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ, ಎಂಬತ್ತರ ದಶಕದ ಮೊದಲಿಗೆ, ಮಳೆಗಾಲ ಮುಗಿಯುವಾಗ ಓಣಿಯಲ್ಲಿ ವಾಂತಿಭೇದಿ ಎದ್ದಿತು. ಎಲ್ಲರ ಬಾವಿಗೂ ಬ್ಲೀಚಿಂಗ್ ಪುಡಿ ಹಾಕುತ್ತಾರೆ ಅಂತ ಡಂಗುರ ಹೊಡೆಸಿದರು. ಆಯಿಗೆ ಜೀವವೇ ಹೋದಂತಾಯಿತು. ಎರಡು ರಾತ್ರಿ ಯೋಚಿಸಿ, ಮೂರನೆಯ ದಿನ ಬಾಯಕ್ಕನನ್ನು ರೊಟ್ಟಿ ತೋರಿಸಿ ಮೇಲೆ ಕರೆದು, ಹಸಿ ಗೋಣಿ ಹಾಸಿದ ಹಂಡೆಯಲ್ಲಿ ಕೂರಿಸಿ ಚಕ್ಕಡಿ ಹೂಡಿಸಿದಳು. ನನ್ನಪ್ಪ, "ಅಲ್ಲಬೇ, ನಾಕ ದಿನ ತೊಟ್ಟಿಯಾಗ ಇಟ್ರ ಆಗೂದಿಲ್ಲೇನು?" ಅಂದ. "ಪುಡಿ ಹಾಕವ್ರು ಒಮ್ಮೆ ಹಾಕಿ ಬಿಡ್ತಾರೇನೋ? ಹೊಳಿ ಅಂದ್ರ ಹೊಳಿ. ಅಷ್ಟ ದೊಡ್ಡ ನೀರಿಗೆ ಯಾರು ಏನ ಹಾಕ್ಯಾರು?" ಅಂದಳು ಆಯಿ. ಆ ಮಾತು ನನ್ನ ಕಿವಿಯಲ್ಲಿ ಇಂದಿಗೂ ಹಾಗೇ ಇದೆ. ಆಗಿನ ಹೊಳೆಯಾದರೂ ಹೇಗಿತ್ತು! ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಮೀನಿನ ಮರಿಗಳು ಬಂದು ಬೆರಳು ಕಚ್ಚುತ್ತಿದ್ದವು. ಆಚೆ ದಡದ ಮರಳಿನಲ್ಲಿ ನೀರುನಾಯಿಗಳು ಮಕ್ಕಳು ಮರಿ ಕಟ್ಟಿಕೊಂಡು ಉರುಳಾಡುತ್ತಿದ್ದವು. ಮೊಸಳೆ ಬಾಯಿ ತೆರೆದು ಮಲಗಿದ್ದರೂ ಅಗಸರು ತಮ್ಮ ಪಾಡಿಗೆ ಬಟ್ಟೆ ಒಗೆಯುತ್ತಿದ್ದರು. ಅಂಥ ನೀರಿಗೆ ಬಾಯಕ್ಕನನ್ನು ಬಿಟ್ಟೆವು. ಅವಳು ಒಮ್ಮೆ ಮೂಗು ಎತ್ತಿ ನೋಡಿ ಮುಳುಗಿದಳು. ಮುಂದಿನ ಸೋಮವಾರ ಆಯಿ ನನ್ನನ್ನು ಕರೆದುಕೊಂಡು ಘಾಟಿಗೆ ಹೋಗಿ ಕೊಡದ ಕಂಠವನ್ನು ಮೂರು ಸಲ ಬಡಿದಳು. ಸುಮಾರು ಹೊತ್ತಿನ ಮೇಲೆ, ಅಯ್ಯ ಶಿವನೇ, ಬಂದೇಬಿಟ್ಟಳು! ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಸೋಮವಾರ ತಪ್ಪಲಿಲ್ಲ, ರೊಟ್ಟಿಯೂ ತಪ್ಪಲಿಲ್ಲ.

ಯುಗಾದಿಯ ಹೊತ್ತಿಗೆ ಹೊಳೆ ಸೊರಗಿ ಮಡುವಾಗಿ ನಿಂತಿತ್ತು. ಆಗ ಒಂದು ಬೆಳಿಗ್ಗೆ ಹುಳಿತ ಬೆಲ್ಲದ ವಾಸನೆ ಊರೆಲ್ಲ ಹಬ್ಬಿತು. ಮೇಲಿನ ಸಕ್ಕರೆ ಕಾರ್ಖಾನೆಯವರು ಕಾಕಂಬಿಯ ಹೊಲಸು ನೀರನ್ನು ಹಳ್ಳಕ್ಕೆ ಬಿಟ್ಟಿದ್ದರು, ಅದು ಹೊಳೆಗೆ ಇಳಿದಿತ್ತು. ನೀರು ಚಹಾದ ಚರಟದಂತೆ ಕಪ್ಪಾಯಿತು. ಮೀನುಗಳು ಬೆಳ್ಳಗೆ ಹೊಟ್ಟೆ ತಿರುವಿ ದಂಡೆಗೆ ಬಂದವು, ಏಡಿಗಳು ಉಸಿರಿಗಾಗಿ ಕಲ್ಲು ಹತ್ತಿ ಅಲ್ಲೇ ಸತ್ತವು. ಬುಟ್ಟಿ ತಂದು ತುಂಬಿಕೊಂಡವರೂ ಇದ್ದರು. ಅಪ್ಪ ಮಾತ್ರ ಸುಮ್ಮನಿದ್ದ. ನಮ್ಮ ಕಬ್ಬೂ ಅದೇ ಕಾರ್ಖಾನೆಗೆ ಹೋಗುತ್ತಿತ್ತು. ದೋಣಿ ನಡೆಸುವ ಮಾರುತಿ ಕಾಕಾ ಬಂದು ಹೇಳಿದ: "ಆಚಿ ದಂಡಿಗೆ ಝರಿ ಐತ್ರಿ ಆಯಿ, ಅಲ್ಲಷ್ಟ ನೀರ ತಿಳಿ ಐತಿ. ಜೀವ ಇದ್ದವು ಅಲ್ಲೇ ಹೋಗಿ ಕುಂತಾವು. ನಿಮ್ಮಾಕಿನೂ ಅಲ್ಲೇ ಇದ್ದಾಳು." ಆಯಿ ಕೈ ಮುಗಿದಳು. ಆ ಸೋಮವಾರ ಘಾಟಿಗೆ ಹೋಗಲಿಲ್ಲ. ಯಾಕೆ ಅಂತ ನನಗೆ ಹೇಳಲೂ ಇಲ್ಲ.

ಹೇಳಿದ್ದರೆ! ನನಗೋ ಜೀವ ನಿಲ್ಲಲೊಲ್ಲದು. ಬಾಯಕ್ಕ ಇದ್ದಾಳೋ ಸತ್ತಾಳೋ ನೋಡಲೇಬೇಕು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಚಿಕ್ಕ ಕೊಡ ಹಿಡಿದು ಓಡಿದೆ. ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಮೂರು ಸಲ ಬಡಿದೆ. ಬರಲಿಲ್ಲ. ಮತ್ತೆ ಬಡಿದೆ. ಮತ್ತೆ. ಎಷ್ಟು ಹೊತ್ತು ಬಡಿದೆನೋ, ಆ ಕಪ್ಪು ನೀರಿನ ನಡುವೆ ಉದ್ದನೆಯ ಮೂಗು ಕಂಡಿತು. ನಿಧಾನ, ಬಹಳ ನಿಧಾನ, ಇಡೀ ಹೊಳೆ ದಾಟಿ ಬಂದು ಕೆಳಗಿನ ಮೆಟ್ಟಿಲಿಗೆ ಮೂಗು ಎತ್ತಿದಳು. ರೊಟ್ಟಿ ತರಲು ಮರೆತಿದ್ದೆ. ನನಗೆ ಅದರ ಪರಿವೆಯೇ ಇಲ್ಲ, ಕುಣಿಯುತ್ತ ಮನೆಗೆ ಓಡಿ, "ಆಯಿ, ಬಾಯಕ್ಕ ಅದಾಳ! ನಾ ಕರದೆ, ಬಂದ್ಳು!" ಎಂದು ಕೂಗಿದೆ.

ಆಯಿಯ ಮುಖ ಬೂದಿಯಾಯಿತು. "ಯಾಕ ಕರದಿ ಬೇ ಖೋಡಿ? ಆಚಿ ದಂಡಿಗೆ ಬದುಕ್ಲಿ ಅಂತ ನಾ ಎದಿ ಕಲ್ಲ ಮಾಡ್ಕೊಂಡ ಕುಂತೀನಿ..." ಅಷ್ಟೇ ಅಂದಳು. ಬರಿಗಾಲಲ್ಲಿ ಬಿಸಿಲಿನಲ್ಲಿ ಓಡಿದಳು, ಹಿಂದೆ ನಾನು. ಬಾಯಕ್ಕ ಇನ್ನೂ ಅದೇ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು, ಕತ್ತು ಕಲ್ಲಿನ ಮೇಲೆ ಇಟ್ಟುಕೊಂಡು. ಎತ್ತಿಕೊಂಡರೆ ಕಾಲು ಆಡಿಸಲಿಲ್ಲ. ಮನೆಗೆ ತಂದು ತೊಟ್ಟಿಗೆ ಹೊಸ ನೀರು ಹಾಕಿ, ಬಾಯಿ ತೊಳೆದು, ಕಣ್ಣಿನ ಕರಿ ಒರೆಸಿದೆವು. ಹೊತ್ತು ಮುಳುಗುವ ಮೊದಲೇ ಸತ್ತಳು. ಬೇವಿನ ಬುಡದಲ್ಲಿ ಹೂಳುವಾಗ ಆಯಿ ಚಿಪ್ಪಿನ ಅಂಚಿನ ಆ ಕಚ್ಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದಳು. ನನಗೆ ಒಂದು ಏಟಾದರೂ ಹಾಕಬಾರದಿತ್ತೇ? ಹಾಕಲಿಲ್ಲ.

ಆ ಹೊಲಸು ಮುಂದಿನ ಬೇಸಿಗೆಗೂ ಬಂತು, ಅದರ ಮುಂದಿನದಕ್ಕೂ ಬಂತು. ಮರಳಿನ ದಿಬ್ಬಗಳನ್ನು ಟ್ರ್ಯಾಕ್ಟರುಗಳು ಹೊತ್ತುಕೊಂಡು ಹೋದವು, ನೀರುನಾಯಿಗಳು ಎತ್ತ ಹೋದವೋ ಯಾರೂ ನೋಡಲಿಲ್ಲ. ಮಾರುತಿ ಕಾಕಾ ದೋಣಿ ಮಾರಿದ. ಮನೆಗೆ ಬೋರು ಬಂತು, ಬಾವಿಗೆ ಮಣ್ಣು ತುಂಬಿ ಮೇಲೆ ಗೊಬ್ಬರದ ಕೋಣೆ ಕಟ್ಟಿದರು. ಹೊಳೆ ಈಗಲೂ ಇದೆ. ಘಾಟಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆರಳು ಕಚ್ಚಲು ಏನೂ ಬರುವುದಿಲ್ಲ. ಬಂದೀತು ಅಂತ ಆಸೆಯನ್ನೂ ನಾನು ಇಟ್ಟುಕೊಂಡಿಲ್ಲ.

ತೊಂಬತ್ತರ ದಶಕದಲ್ಲಿ ಆಯಿ ಹಾಸಿಗೆ ಹಿಡಿದಾಗ ನಾನು ನಿಪ್ಪಾಣಿಯಿಂದ ಹೋಗಿ ಹದಿನೈದು ದಿನ ಅವಳ ಬಳಿ ಇದ್ದೆ. ಬಾಯಕ್ಕನ ಹೆಸರು ಅಷ್ಟು ವರ್ಷ ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವಳೇ ಕೇಳಿದಳು: "ಅವತ್ತ ನೀ ಕರದಾಗ ಲಗೂನ ಬಂದ್ಳೇನ ಬೇ?"

"ಇಲ್ಲಬೇ. ಭಾಳ ಹೊತ್ತ ಆತು."

"ನಿನ್ನ ಕೈಯಾಗ ರೊಟ್ಟಿ ಇತ್ತಿಲ್ಲೋ? ತಿಂದ್ಳಿಲ್ಲೋ?"

"ಇತ್ತು. ತಿಂದ್ಳು," ಅಂದೆ.

"ಹಂಗಾರ ಚಲೋ ಆತ ಬಿಡು," ಎಂದು ಆಯಿ ಗೋಡೆಯ ಕಡೆ ಹೊರಳಿದಳು. ನಾನು ಗಂಜಿಯ ಬಟ್ಟಲು ಹಿಡಿದು ಅಲ್ಲೇ ಕೂತಿದ್ದೆ.