ಮಾವನ ದೋಣಿಗೆ ಹಾಕಿದ ರಿವೆಟ್ಟು

ಬೇಲಾಪುರದ ಜೆಟ್ಟಿಯಲ್ಲಿ ನನ್ನ ಮಾವನವರ ಅಲ್ಯುಮಿನಿಯಂ ದೋಣಿಯೊಂದಿದೆ. ಕಲ್ಯಾಣ್ ಊರಿನಲ್ಲಿದ್ದ ಹೋಟೆಲನ್ನು ಮಗನಿಗೆ ವಹಿಸಿದ ಮೇಲೆ ಅವರಿಗೆ ಭಾನುವಾರ ಗಾಳ ಹಾಕುವುದೇ ಸುಖ. ದೋಣಿಯಲ್ಲಿ ಇಬ್ಬರಿಗಷ್ಟೇ ಜಾಗ. ಆ ಎರಡನೆಯ ಜಾಗ ಮದುವೆಯಾದಂದಿನಿಂದ ನನ್ನದು. ತಳ ಸೋರುತ್ತಿತ್ತು. ಅವರು ಗಾಳ ಹಿಡಿದು ಕೂತರೆ ನಾನು ಪೇಂಟಿನ ಡಬ್ಬದಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ನಡುನಡುವೆ ಅವರು ತಮ್ಮ ಹಳೆಯ ಕತೆಗಳನ್ನು ಹೇಳುವರು. ಮನೆಯಲ್ಲಿ ನಾಲ್ಕು ಮಾತಾಡದ ಮನುಷ್ಯ.

ಕಳೆದ ವರ್ಷ ಹೆಂಡತಿಯ ತಂಗಿಗೆ ಮದುವೆಯಾಗಿ ನನಗೊಬ್ಬ ಷಡ್ಡಕ ಬಂದ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಅವನ ತಟ್ಟೆಗೆ ಮೀನಿನ ದೊಡ್ಡ ತುಂಡು, ಅವನ ಜೋಕಿಗೆ ಅತ್ತೆಯ ನಗು. ಹೊಟ್ಟೆ ಉರಿದರೂ ಸಹಿಸಿಕೊಂಡೆ. ಒಂದು ದಿನ ಊಟಕ್ಕೆ ಕೂತಾಗ ಅವನು ಜೇಬಿನಿಂದ ತಗಡು ಜೋಡಿಸುವ ರಿವೆಟ್ಟಿನ ಪೊಟ್ಟಣ ತೆಗೆದ.

"ಮಾವ, ಬೋಟ್ ಮೈಂ ಠೀಕ್ ಕರ್ ದೂಂಗಾ. ಏಕ್ದಮ್ ಈಸಿ." ದೋಣಿಯನ್ನು ತಾನೇ ಸರಿಮಾಡಿ ಕೊಡುತ್ತಾನಂತೆ.

ಮಾವ ಪೊಟ್ಟಣವನ್ನು ತಿರುಗಿಸಿ ನೋಡಿ, "ನಮ್ಮ ಅಳಿಯನಿಗೆ ತಲೆ ಉಂಟು" ಅಂದರು. ಹಾಗಾದರೆ ನಾನು ಯಾರು?

ಮಹಾಪೆಯ ಕಾರ್ಖಾನೆಯಲ್ಲಿ ತಗಡಿನ ಪೆಟ್ಟಿಗೆಗಳಿಗೆ ರಿವೆಟ್ ಹೊಡೆಸುವುದೇ ನನ್ನ ಹೊಟ್ಟೆಪಾಡು. ಅವನ ಒಂದು ರಿವೆಟ್ಟಿನ ನಡುವಿನ ಕಡ್ಡಿಯನ್ನು ತಳ್ಳಿ ತೆಗೆದು, ತೂತಿಗೆ ಬಾಯಿಟ್ಟು ಊದಿದೆ. ಗಾಳಿ ಆಚೆ ಹೋಯಿತು. "ನೀರೂ ಹೀಗೇ ಬರ್ತದೆ ಮಾವ" ಎಂದೆ. ಷಡ್ಡಕನ ಮುಖ ಸಣ್ಣದಾಯಿತು, ನನ್ನ ಹೊಟ್ಟೆ ತಣ್ಣಗಾಯಿತು.

ಮರುವಾರ ತುದಿ ಮುಚ್ಚಿದ ರಿವೆಟ್ಟುಗಳನ್ನು ನಾನೇ ಆರಿಸಿ ತಂದೆ. ಮೈಯೂ ಕಡ್ಡಿಯೂ ಅಲ್ಯುಮಿನಿಯಮ್ಮೇ ಆಗಬೇಕು. ಉಪ್ಪುನೀರಿನಲ್ಲಿ ಉಕ್ಕು ತಾಗಿಕೊಂಡಿದ್ದರೆ ಪಕ್ಕದ ಅಲ್ಯುಮಿನಿಯಂ ಸವೆದು ಹೋಗುತ್ತದೆ. ಉದ್ದವನ್ನು ಎರಡು ತಗಡುಗಳ ದಪ್ಪ ಅಳೆದು ಗೊತ್ತುಮಾಡಿದೆ. ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಿರುವುದರಿಂದ ಒಳಗಡೆ ಕೈ ಹೋಗುವುದಿಲ್ಲ, ಹೊರಗಿನಿಂದಲೇ ಕೂರಿಸುವ ಈ ಜಾತಿಯದೇ ಬೇಕು. ದೋಣಿಯನ್ನು ಬೋರಲು ಹಾಕಿ, ಸಡಿಲಾದ ಹಳೆಯವನ್ನು ಡ್ರಿಲ್ ಮಾಡಿ ತೆಗೆದು, ತೂತಿನ ಅಂಚು ಕೆರೆದು ನಯಮಾಡಿ, ಒಂದೊಂದನ್ನೂ ನೀರು ತಡೆಯುವ ಸೀಲೆಂಟ್ ಅಂಟಿನಲ್ಲಿ ಅದ್ದಿ ಕೂರಿಸಿದೆ. ರಿವೆಟ್ ಗನ್ನಿನ ಹಿಡಿ ಒತ್ತಿದಂತೆ ಕಡ್ಡಿ ಟಕ್ಕೆಂದು ತುಂಡಾದಾಗಲೆಲ್ಲ, ಪಕ್ಕದಲ್ಲಿ ನಿಂತಿದ್ದ ಷಡ್ಡಕನ ಮುಖ ನೋಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಭ್ಯಾಸದಂತೆ ಡಬ್ಬ ಹಿಡಿದು ಜೆಟ್ಟಿಗೆ ಹೋದೆ. ಎರಡನೆಯ ಜಾಗದಲ್ಲಿ ಅವನು ಕೂತಿದ್ದ.

"ಇನ್ನು ನೀರು ತೆಗೀಲಿಕ್ಕೆ ಜನ ಬೇಡ ಅಲ್ವಾ" ಎಂದರು ಮಾವ. "ನಿಮಗೆ ಎಷ್ಟು ವರ್ಷ ಕಷ್ಟ ಕೊಟ್ಟೆ ಮಾರಾಯ್ರೆ. ಮನೆಯಲ್ಲಿ ಆರಾಮ ಮಾಡಿ."

ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ನನಗೆ ಉರಿದದ್ದು ಅದಕ್ಕೇ.

ಮಧ್ಯಾಹ್ನ ಷಡ್ಡಕ ಮನೆಯವರ ಗ್ರೂಪಿಗೆ ಫೋಟೊ ಹಾಕಿದ. ಮಾವ ಕೈಯೆತ್ತಿ ಏನೋ ಕತೆ ಹೇಳುತ್ತಿದ್ದಾರೆ. ನಾನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ದೋಣಿಯ ತಳ ನೋಡಿದೆ, ಎಲ್ಲಾದರೂ ಒಂದು ಹನಿ ನೀರು ಬಂದಿದೆಯೇ ಎಂದು. ತಳ ಒಣಗಿತ್ತು.