ತಿಪ್ಪೇಸ್ವಾಮಿಗೆ ಬರಬೇಕಿದ್ದ ಮೆಸೇಜು

ಬೆಳಿಗ್ಗೆ ಫೋನಿನಲ್ಲಿ ಜಾಗ ಸಾಲದೆ ಹಳೇ ಮೆಸೇಜುಗಳನ್ನು ಅಳಿಸುತ್ತ ಕೂತಿದ್ದೆ. ಬ್ಯಾಂಕು, ಲೋನು, ರೀಚಾರ್ಜು. ನಿಮ್ಮ ಫೋನಿನಲ್ಲೂ ಅವೇ ಇರಬೇಕು. ಹೊಸದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮಕ್ಕ ಮಾತ್ರ ಬಂದ ಮೆಸೇಜನ್ನೆಲ್ಲ ಓದುವವಳು, ಅದೂ ಗಟ್ಟಿಯಾಗಿ.

ಕೆಲವು ವರ್ಷಗಳ ಹಿಂದೆ ಅವಳಿಗೆ ದಿನಾ ಒಂದು ಮೆಸೇಜು ಬರತೊಡಗಿತು: ‘ತಿಪ್ಪೇಸ್ವಾಮಿಯವರೇ, ಮಲೇರಿಯಾ ಮಾತ್ರೆ ಇವತ್ತೂ ತಪ್ಪಿಸಬೇಡಿ. ಜ್ವರ ಬಿಟ್ಟರೂ ನಿಲ್ಲಿಸಬೇಡಿ.’ ಕೆಳಗೆ ಶ್ರೀರಾಂಪುರದ ಆಸ್ಪತ್ರೆಯ ಹೆಸರು. ತಪ್ಪು ನಂಬರು, ಅಳಿಸಿಬಿಡು ಎಂದೆ. ಇಂಥ ಸಲಹೆ ಕೊಡುವುದರಲ್ಲಿ ನಾನು ಬಲು ಚುರುಕು.

“ಅಳ್ಸಿದ್ರೆ ಆತಂಗೆ ಮುಟ್ತೈತೇನ್ಲೇ?” ಎಂದಳು ಅಕ್ಕ. “ನಡಿ, ಹೋಗಾಣ.”

ನಮ್ಮ ಕಡೆ ಬಸ್ಸಿನಲ್ಲಿ ತಿಪ್ಪೇಸ್ವಾಮಿ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಆದರೆ ಆಸ್ಪತ್ರೆಯ ಆರೋಗ್ಯ ಸಹಾಯಕರಿಗೆ ಬೇಗ ಗೊತ್ತಾಯಿತು, ಬರೆದುಕೊಂಡ ಫೋನ್ ನಂಬರಿನ ಕೊನೆಯ ಅಂಕಿ ತಪ್ಪಿತ್ತು. ಅವರೇ ನಮ್ಮನ್ನು ಆ ಮನೆಗೆ ಕರೆದುಕೊಂಡು ಹೋದರು. ತಿಪ್ಪೇಸ್ವಾಮಿ ಬೋರ್‌ವೆಲ್ ಲಾರಿಯ ಕೆಲಸಗಾರ. ಮಂಗಳೂರು ಕಡೆ ಹೋಗಿ ಜ್ವರ ಹಚ್ಚಿಕೊಂಡು ಬಂದಿದ್ದ. ನಾವು ಹೋದಾಗ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ.

“ಜ್ವರ ಬಿಟ್ಟೈತೆ, ಇನ್ಯಾಕ್ರಿ ಮಾತ್ರೆ? ಸಂಜೆಗೆ ಲಾರಿ ಹೊರಡ್ತೈತೆ.”

“ಜ್ವರ ಬಿಟ್ಟೈತಪ್ಪ, ರೋಗ ಒಳಗೇ ಐತೆ,” ಎಂದರು ಸಹಾಯಕರು. “ಮತ್ತೆ ಎದ್ದು ಬಂದ್ರೆ, ನಿನ್ನ ಕಚ್ಚಿದ ಸೊಳ್ಳೆ ಇನ್ನೊಬ್ರಿಗೂ ಹಚ್ಚುತ್ತೆ.”

ಅವನು ಬ್ಯಾಗಿನ ಜಿಪ್ಪು ಎಳೆದ. ಅಕ್ಕ ತನ್ನ ಫೋನನ್ನು ಅವನ ಹೆಂಡತಿ ರತ್ನಮ್ಮನ ಕೈಗಿಟ್ಟಳು. ಅವಳು ಒಂದೊಂದೇ ಮೆಸೇಜು ಓದಿದಳು. ಓದಿ, ಬ್ಯಾಗು ಬಿಚ್ಚಿ ಬಟ್ಟೆಯನ್ನೆಲ್ಲ ಹೊರಗಿಟ್ಟಳು.

“ಲಾರಿ ಹೋಗ್ಲಿ. ನಡುಕ ಬಂದಾಗ ಕಂಬಳಿ ಹೊದ್ಸಿ, ಮ್ಯಾಲೆ ಅಮುಕ್ಕಂಡು ಕುಂತಿದ್ದೋಳು ನಾನು.”

ಲಾರಿ ಅವನನ್ನು ಬಿಟ್ಟೇ ಹೋಯಿತು. ಆ ಕೆಲಸವೂ ಹೋಯಿತು. ನಂಬರು ಸರಿಯಾದ ಮೇಲೆ ಅಕ್ಕನಿಗೆ ಮೆಸೇಜು ನಿಂತಿತು. ಅವಳಿಗೆ ಸಮಾಧಾನವಿಲ್ಲ, ಸಂಜೆಯಾದರೆ ರತ್ನಮ್ಮನಿಗೆ ಫೋನು ಮಾಡುತ್ತಿದ್ದಳು. ಮಾತ್ರೆ ಮುಗಿಸಿ, ಮತ್ತೆ ರಕ್ತ ಪರೀಕ್ಷೆಯಾಗಿ, ರೋಗವಿಲ್ಲವೆಂದು ತಿಳಿದ ಮೇಲೆ ತಿಪ್ಪೇಸ್ವಾಮಿ ಬೇರೆ ಲಾರಿ ಹಿಡಿದ.

ಇವತ್ತು ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ರತ್ನಮ್ಮ ರವಿಕೆ ಹೊಲಿಸಲು ಬಂದಿದ್ದಳು. ಗಂಡ ಎಲ್ಲಿದ್ದಾನೆ ಎಂದು ಕೇಳಿದೆ.

“ಉಡುಪಿ ಕಡೆ. ಲಾರಿಯಾಗೆ ಜತೆಗಾರ ಒಬ್ಬಂಗೆ ಚಳಿಜ್ವರ ಅಂತೆ. ನಮ್ಮನೆಯೋರೇ ಕರ್ಕಂಡೋಗಿ ಆತನ ರಕ್ತ ಪರೀಕ್ಷೆ ಮಾಡ್ಸವ್ರೆ. ಮಾತ್ರೆ ಮುಗಿಯಾತಂಕ ಗಾಡಿ ಹತ್ಸಲ್ಲ ಅಂತ ಕುಂತವ್ರೆ.”

ತೋಳಿನ ಅಳತೆ ಹಿಡಿದಿದ್ದ ಅಕ್ಕ ಟೇಪು ಕೆಳಗಿಟ್ಟಳು. “ಫೋನ್ ಹಚ್ಚಲೇ. ಆ ಜ್ವರದೋನು ಉಂಡು ಮಾತ್ರೆ ನುಂಗ್ತಾನಾ ಕೇಳಾಣ.”

ರತ್ನಮ್ಮ ಗಂಡನ ನಂಬರು ಹೇಳುತ್ತ ಹೋದಳು. ನಾನು ಒತ್ತಿದೆ.