ಎಳೆ ಬಿಟ್ಟ ಸೋಪು

1983ರಲ್ಲಿ ನಾನು ಹಾನಗಲ್ಲಿನ ಒಂದು ಮಹಿಳಾ ಸೋಪು ಘಟಕದಲ್ಲಿ ಕೆಮಿಸ್ಟ್ ಆಗಿದ್ದೆ. ಕೆಮಿಸ್ಟ್ ಎಂದರೆ ಬಿಳಿ ಕೋಟು, ದೊಡ್ಡ ಲ್ಯಾಬು ಎಂದುಕೊಳ್ಳಬೇಡಿ. ತಗಡಿನ ಶೆಡ್ಡು, ಎರಡು ಡ್ರಮ್ಮು, ಒಂದು ತಕ್ಕಡಿ, ಧಾರವಾಡದಲ್ಲಿ ಓದಿದ ಎಂ.ಎಸ್ಸಿ. ಇಷ್ಟೇ ನನ್ನ ಬಂಡವಾಳ. ಪಾತ್ರೆ ತೊಳೆಯುವ ದ್ರವ ಸೋಪು ಮಾಡುತ್ತಿದ್ದೆವು. ಆ್ಯಸಿಡ್ ಸ್ಲರಿ ಎಂಬ ಕಂದು ರಾಡಿಯನ್ನು ಕಾಸ್ಟಿಕ್ ಸೋಡಾ ನೀರಿನಿಂದ ಅದರ ಆಮ್ಲ ಕಳೆದು, ನೊರೆ ನಿಲ್ಲಲು ಕೊಬ್ಬರಿ ಎಣ್ಣೆಯಿಂದ ತಯಾರಾದ ಇನ್ನೊಂದು ವಸ್ತು ಕೂಡಿಸಿ, ಕಡೆಗೆ ಮಂದವಾಗಲೆಂದು ಉಪ್ಪು ಹಾಕುವುದು. ಹೌದು, ಅಡುಗೆಯ ಉಪ್ಪೇ.

ಘಟಕದ ಮುಖ್ಯಸ್ಥೆ ತಿಳವಳ್ಳಿಯ ಗಂಗವ್ವ. ಉಂಡಿ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾನು ಕಚ್ಚಾ ಮಾಲಿಗಾಗಿ ಹುಬ್ಬಳ್ಳಿಗೆ ಹೋಗಿದ್ದಾಗ ಅವಳೇ ನಿಂತು ಒಂದು ಡ್ರಮ್ ಸೋಪು ಮಾಡಿಸಿದಳು. ಅದು ಸವಣೂರಿನ ಹಾಸ್ಟೆಲುಗಳಿಗೆ ಹೋಯಿತು. ಕೆಲವೇ ದಿನಗಳಲ್ಲಿ ಅಡುಗೆಯವರ ದೂರು ಬಂತು. ಬಾಟಲಿ ಬಗ್ಗಿಸಿದರೆ ಸೋಪು ಹನಿಯುವುದಿಲ್ಲ, ಉದ್ದಕ್ಕೆ ಎಳೆ ಬಿಡುತ್ತದೆ, ತುಂಡಾಗುವುದೇ ಇಲ್ಲ.

ಹಾಸ್ಟೆಲುಗಳನ್ನೂ ನಮ್ಮ ಘಟಕವನ್ನೂ ನೋಡಿಕೊಳ್ಳುವ ಇಲಾಖೆಯ ಖರೀದಿ ಅಧಿಕಾರಿ ಬಾಟಲಿ ಹಿಡಿದುಕೊಂಡೇ ಶೆಡ್ಡಿಗೆ ಬಂದರು. ಅಂಟು ಬೆರೆಸಿ ಮಂದ ಮಾಡಿದ್ದೀರಿ, ಇದು ಕಲಬೆರಕೆ ಎಂದರು. ಕಲಬೆರಕೆ ಎಂದು ಒಮ್ಮೆ ಬರೆದರೆ ಮುಗಿಯಿತು, ಯಾವ ಕಚೇರಿಯೂ ನಮ್ಮ ಸೋಪು ಮುಟ್ಟದು. ಶೆಡ್ಡಿಗೆ ಬೀಗ, ಅಷ್ಟೂ ಹೆಂಗಸರು ಮನೆಗೆ. ಆಮೇಲೆ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು.

"ಹೆಣ್ಮಕ್ಕಳು ಅಂಟು ಹಾಕ್ಯಾರ ಅಂತ ಬರದು ಸಹಿ ಮಾಡ್ರಿ. ನಿಮ್ಮ ನೌಕರಿಗೆ ಏನೂ ಆಗೂದಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ. ನನಗೆ ಪಿತ್ತ ನೆತ್ತಿಗೇರಿತು. ಪರೀಕ್ಷೆ ಮಾಡದೆ ಸಹಿ ಮಾಡುವುದಕ್ಕೆ ನಾನು ರಸಾಯನಶಾಸ್ತ್ರ ಓದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ.

ಗಂಗವ್ವನನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಎಳಿ ಬರೂತನಕ ಉಪ್ಪು ಹಾಕೇವ್ರಿ, ಅಕ್ಕೋರ. ಬೆಲ್ಲದ ಪಾಕ ಹಂಗ ನೋಡ್ತೇವಲ್ಲರಿ, ಇದಕ್ಕೂ ಹಂಗ ಅಂತ ತಿಳ್ಕೊಂಡ್ವಿ."

ಕೋಪದಲ್ಲೂ ನಗು ಬಂತು. ಬೆರಳುಗಳ ನಡುವೆ ಎಳೆ ಬಂದರೆ ಪಾಕ ಹದವಾಯಿತು, ಒಲೆಯ ಮುಂದೆ ಬೆಳೆದ ಯಾವ ಹೆಂಗಸಿಗೂ ಅದೇ ಅಳತೆ. ಆದರೆ ಸೋಪಿನ ಸ್ವಭಾವ ಬೇರೆ. ಸೋಪಿನ ಕಣಗಳು ನೀರಿನಲ್ಲಿ ಗುಂಪು ಕಟ್ಟುತ್ತವೆ. ಆ ಗುಂಪಿಗೆ ಮೈಸೆಲ್ ಎಂದು ಹೆಸರು. ಉಪ್ಪು ಕಡಿಮೆಯಿದ್ದಾಗ ಅವು ದುಂಡಗಿರುತ್ತವೆ. ಉಪ್ಪು ಏರಿದಂತೆ ಉದ್ದಕ್ಕೆ ಬೆಳೆದು ಬೇಯಿಸಿದ ಶಾವಿಗೆಯ ಹಾಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಡ್ರಮ್ಮಿನಲ್ಲಿ ಜೋರಾಗಿ ತಿರುವಿದರೆ ಇದು ಗೊತ್ತೇ ಆಗುವುದಿಲ್ಲ, ದ್ರವ ಇನ್ನೂ ತೆಳುವಾದಂತೆ ಕಾಣುತ್ತದೆ. ಬಾಟಲಿಯ ಬಾಯಿಂದ ಜೋತುಬಿದ್ದಾಗ ಮಾತ್ರ ತನ್ನ ಭಾರಕ್ಕೆ ತಾನೇ ಹಿಗ್ಗುತ್ತದೆ, ಆಗ ಆ ಶಾವಿಗೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಬಿಗಿಯುತ್ತವೆ. ಎಳೆ ಹುಟ್ಟುವುದು ಹೀಗೆ, ಅಂಟಿನಿಂದಲ್ಲ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಅಧಿಕಾರಿ ಕೇಳುತ್ತಾರೆಯೇ? ಹೋಲಿಸಿ ತೋರಿಸಲು ಅಂಟು ಬೇಕಾಗಿತ್ತು. ಗಂಗವ್ವನ ಮಗಳು ಬಾಣಂತಿ. ಅಂಟಿನ ಉಂಡಿಗೆಂದು ಮನೆಯಲ್ಲಿ ಇಟ್ಟಿದ್ದ ಜಾಲಿ ಅಂಟನ್ನು ತರಿಸಿದೆ. ನೋಡಿ, ಅಂಟು ಇವರ ಮನೆಯಲ್ಲೇ ಇದೆ ಎಂದು ಅಧಿಕಾರಿ ಹಿಗ್ಗಿದರು. ಬಾಣಂತಿ ಇರುವ ಮನೆಯಲ್ಲಿ ಅಂಟಲ್ಲದೆ ಸಿಮೆಂಟು ಇರುತ್ತದೆಯೇ ಎಂದೆ. ಒಂದು ಗಾಜಿನ ಲೋಟದಲ್ಲಿ ಅಂಟಿನ ನೀರು, ಇನ್ನೊಂದರಲ್ಲಿ ಅವರೇ ತಂದ ಸೋಪು. ಎರಡಕ್ಕೂ ಸ್ಪಿರಿಟ್ ಸುರಿದು ಕಲಕಿದೆ. ಅಂಟು ಮೊಸರಿನಂತೆ ಒಡೆದು ಬಿಳಿ ಗಂಟಾಯಿತು. ಸೋಪಿನಲ್ಲಿ ಒಂದು ಗಂಟೂ ಏಳಲಿಲ್ಲ. ಸ್ಪಿರಿಟ್ ಆ ಉದ್ದದ ಮೈಸೆಲ್‌ಗಳನ್ನು ಮುರಿದಿತ್ತು. ಕಡ್ಡಿ ಅದ್ದಿ ಎತ್ತಿದರೆ ನೀರಿನಂತೆ ಟಪಟಪ ಹನಿಯಿತು. ಅಂಟು ಎಲ್ಲಿದೆ ತೋರಿಸಿ ಎಂದು ಲೋಟವನ್ನು ಅವರ ಕೈಗೇ ಕೊಟ್ಟೆ.

ಅವರು ಲೋಟವನ್ನು ಕೆಳಗಿಟ್ಟರು. ಆದರೂ ಬರಿಗೈಲಿ ಹೋಗಲು ಮನಸ್ಸಿಲ್ಲ. ಉಪ್ಪು ಹೆಚ್ಚಾಗಿದ್ದನ್ನಾದರೂ ಬರೆದುಕೊಡು ಎಂದು ಗಂಗವ್ವನ ಮುಂದೆ ಕಾಗದ ಇಟ್ಟರು. ಅವಳು ದಪ್ಪ ದಪ್ಪ ಅಕ್ಷರದಲ್ಲಿ ಎರಡು ಮಾತು ಬರೆದಳು: ಉಪ್ಪು ಹೆಚ್ಚಾಗಿದೆ. ಮೋಸ ಮಾಡಿಲ್ಲ.

ಎರಡನೆಯದು ಬೇಡ, ಹೊಡೆದುಹಾಕು ಎಂದರು ಅಧಿಕಾರಿ.

ಗಂಗವ್ವ ಪೆನ್ನು ಕೆಳಗಿಟ್ಟಳು. "ಇದ್ರ ಎರಡೂ ಇರ್ತಾವ್ರಿ. ಇಲ್ಲಂದ್ರ ಹರದು ಒಗೀತೇನಿ."

ಅವರು ಕಾಗದವನ್ನು ಹಾಗೆಯೇ ಮಡಚಿಕೊಂಡು ಹೋದರು. ಸೋಪು ವಾಪಸು ಬಂತು. ಅದನ್ನು ತೆಳುವಾಗಿಸಿ, ಉಪ್ಪನ್ನು ತೂಗಿಯೇ ಹಾಕುವ ಪದ್ಧತಿ ಮಾಡಿ ಮತ್ತೆ ಕಳಿಸಿದೆವು. ಶೆಡ್ಡಿಗೆ ಬೀಗ ಬೀಳಲಿಲ್ಲ. ಎದುರು ಮಾತಾಡುವ ಕೆಮಿಸ್ಟ್ ಬೇಡವೆಂದು ಇಲಾಖೆ ಮರುವರ್ಷ ನನ್ನ ನೇಮಕವನ್ನು ಮಾತ್ರ ಮುಂದುವರಿಸಲಿಲ್ಲ. ಆಗಲಿ, ಅದಕ್ಕೆ ನಾನು ಅತ್ತವಳಲ್ಲ. ಮುಂದೆ ಎಷ್ಟೋ ಕಾರ್ಖಾನೆಗಳಲ್ಲಿ ದುಡಿದೆ, ಮಾಲು ಕೆಟ್ಟಾಗಲೆಲ್ಲ ಯಾರ ತಲೆಗೋ ಕಟ್ಟುವ ಕಾಗದ ನನ್ನ ಮುಂದೆ ಬಂದೇ ಬರುತ್ತಿತ್ತು. ತಪ್ಪು ನಮ್ಮದಾಗಿದ್ದರೆ ತಪ್ಪೆಂದು ಬರೆದೆ. ಅದನ್ನು ಮೋಸವೆಂದು ಬರೆ ಎಂದವರಿಗೆ ಕಾಗದವನ್ನು ಖಾಲಿಯಾಗಿಯೇ ಹಿಂದಕ್ಕೆ ಕೊಟ್ಟೆ.